ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾನಸಿಕ ಕಾಯಿಲೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದವರ ಮುಂದಿನ ಆರೈಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಏಳಕ್ಕೆ ಇಲ್ಲಿ ಉತ್ತರವಿದೆ. ಬಹುತೇಕ ಎಲ್ಲರೂ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಊರನ್ನಷ್ಟೇ ಉಳಿಸಿದ್ದೇವೆ. ಉತ್ತರ ಬರೆದವರು ಈ ಕ್ಷೇತ್ರದಲ್ಲೇ ಕೆಲಸ ಮಾಡುವ ವೈದ್ಯರು ಮತ್ತು ಸಮಾಜ ಕಾರ್ಯಕರ್ತರು. ಇಲ್ಲಿ ಓದಿ ಯಾರೂ ತಾವಾಗಿಯೇ ಔಷಧದ ಪ್ರಮಾಣ ಬದಲಿಸಬೇಡಿ.

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ಸ್ಕಿಜೋಫ್ರೇನಿಯಾ ಎಂದು ಮೂರು ವಾರ ಆಸ್ಪತ್ರೆಯಲ್ಲಿದ್ದ. ಹೋದ ವಾರ ಡಿಸ್ಚಾರ್ಜ್ ಆಯಿತು. ನಮ್ಮದು ವನ್ ರೂಮ್ ಕಿಚನ್. ಯಜಮಾನರು ರಿಟೈರ್ ಆಗಿ ಮನೆಯಲ್ಲೇ ಇದ್ದಾರೆ. ಮಗ ಬೆಳಿಗ್ಗೆ ಹತ್ತರವರೆಗೆ ಏಳುವುದಿಲ್ಲ, ಸ್ನಾನಕ್ಕೆ ನಾಲ್ಕು ಸಲ ಹೇಳಬೇಕು. ಅವರಿಗೆ ಸಿಟ್ಟು ಬರುತ್ತದೆ, ಇವನು ಮುಖ ತಿರುಗಿಸಿ ಮಲಗುತ್ತಾನೆ. ಮುಂದೇನು ಮಾಡಬೇಕೆಂದು ಯಾರೂ ಬಿಡಿಸಿ ಹೇಳಲಿಲ್ಲ.
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬಿಡಿಸಿ ಹೇಳುವುದು ಆಸ್ಪತ್ರೆಯ ಕರ್ತವ್ಯವಾಗಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 98ನೇ ಕಲಮಿನ ಪ್ರಕಾರ, ಬಿಡುಗಡೆಗೆ ಮುಂಚೆ ವೈದ್ಯರು ರೋಗಿಯ ಜೊತೆಗೂ ಅವನು ಯಾರೊಡನೆ ಇರಲಿದ್ದಾನೋ ಅವರ ಜೊತೆಗೂ ಕುಳಿತು ಮುಂದಿನ ಯೋಜನೆ ಮಾಡಬೇಕು. ಈಗಲೂ ಕೇಳಬಹುದು. ಡಿಸ್ಚಾರ್ಜ್ ಕಾರ್ಡ್ ಹಿಡಿದುಕೊಂಡು ಹೋಗಿ ಐದು ವಿಷಯ ಬರೆಸಿಕೊಳ್ಳಿ: ಕಾಯಿಲೆಯ ಹೆಸರು, ಪ್ರತಿ ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ, ಯಾವುದು ಕಾಯಿಲೆಗೆ, ಯಾವುದು ಅಡ್ಡಪರಿಣಾಮಕ್ಕೆ, ಮುಂದಿನ ಭೇಟಿಯ ದಿನ, ರಾತ್ರಿ ಹೊತ್ತು ತೊಂದರೆಯಾದರೆ ಎಲ್ಲಿಗೆ ಬರಬೇಕು. ಮೊದಲ ಭೇಟಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನದೊಳಗೆ ಆಗಬೇಕು. ಒಂದು ತಿಂಗಳ ಮಾತ್ರೆ ಕೊಟ್ಟು ತಿಂಗಳ ನಂತರ ಬನ್ನಿ ಎಂದಿದ್ದರೆ, ನೀವೇ ಬೇಗ ಹೋಗಿ.

ಈ ಅವಸರಕ್ಕೆ ಕಾರಣವಿದೆ. ಆತ್ಮಹತ್ಯೆಯ ಅಪಾಯ ತುಂಬ ಹೆಚ್ಚಿರುವುದು ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರಗಳಲ್ಲಿ. ತಲೆ ತಿಳಿಯಾದ ಮೇಲೆ ಏನೇನಾಯಿತು ಎಂಬುದು ಅರಿವಿಗೆ ಬರುತ್ತದೆ, ನಾಚಿಕೆ, ನಿರಾಶೆ ಮುತ್ತಿಕೊಳ್ಳುತ್ತವೆ. "ಸಾಯಬೇಕು ಅನ್ನಿಸುತ್ತದೆಯೇನೋ ಮಗಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಮಾತ್ರೆಯ ಸ್ಟ್ರಿಪ್‌ಗಳೆಲ್ಲ ಬೀಗದ ಕಪಾಟಿನಲ್ಲಿರಲಿ, ಹೊರಗೆ ಒಂದು ವಾರದ್ದು ಮಾತ್ರ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮೆಡಿಕಲ್‌ನಲ್ಲಿ ಸಿಗುವ ಏಳು ದಿನದ, ಬೆಳಿಗ್ಗೆ-ರಾತ್ರಿ ಎಂದು ಹದಿನಾಲ್ಕು ಮನೆಗಳಿರುವ ಮಾತ್ರೆ ಡಬ್ಬಿ ತನ್ನಿ. ಪ್ರತಿ ಭಾನುವಾರ ಅವನೇ ತುಂಬಲಿ, ನೀವು ಪಕ್ಕದಲ್ಲಿ ಕುಳಿತು ನೋಡಿ. ಆಮೇಲೆ "ತಗೊಂಡೆಯಾ?" ಎಂದು ದಿನಕ್ಕೆ ಐದು ಸಲ ಕೇಳುವ ಅಗತ್ಯವಿಲ್ಲ, ಡಬ್ಬಿ ನೋಡಿದರೆ ಸಾಕು. ಐದು ದಿನದ ಮಾತ್ರೆ ಉಳಿದಿರುವಾಗಲೇ ಹೊಸದು ಮನೆಗೆ ಬರಬೇಕು. ಮುಂಬಯಿಯ ಮಳೆಗೆ ಲೋಕಲ್ ನಿಂತರೆ ಸರಕಾರಿ ಆಸ್ಪತ್ರೆಯ ಔಷಧದ ಕಿಟಕಿಗೆ ಎರಡು ದಿನ ತಲುಪಲಾಗದು.

ತಡವಾಗಿ ಏಳುವುದರ ಬಗ್ಗೆ: ಅದರಲ್ಲಿ ಒಂದು ಪಾಲು ಔಷಧದ ಮಂಪರು. ಮಾತ್ರೆಯನ್ನು ರಾತ್ರಿ ಊಟವಾದ ಕೂಡಲೇ, ಎಂಟೂವರೆಗೇ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಇನ್ನೊಂದು ಪಾಲು ಕಾಯಿಲೆಯದೇ. ಉತ್ಸಾಹ ಬತ್ತುವುದು, ಮಾತು ಕಡಿಮೆಯಾಗುವುದು, ಸ್ನಾನ ಬೇಡವೆನಿಸುವುದು ಸ್ಕಿಜೋಫ್ರೇನಿಯಾದ ಲಕ್ಷಣಗಳು. ಕಿವಿಯಲ್ಲಿ ದನಿ ಕೇಳುವುದು ಮಾತ್ರೆಯಿಂದ ಬೇಗ ತಗ್ಗಿದರೂ ಇವು ತಿಂಗಳುಗಟ್ಟಲೆ ಉಳಿಯುತ್ತವೆ. ಯಜಮಾನರಿಗೆ ಇದು ಸೋಮಾರಿತನದಂತೆ ಕಾಣುವುದು ಸಹಜ. ಆದರೆ ಅವರು ಒಂದು ವಿಷಯ ತಿಳಿದಿರಬೇಕು. 1970ರ ದಶಕದಲ್ಲಿ ಲಂಡನ್ನಿನಲ್ಲಿ ಆದ ಅಧ್ಯಯನಗಳಲ್ಲಿ, ಮನೆಯವರ ಟೀಕೆ, ಹಗೆ ಅಥವಾ ಅತಿಯಾದ ಕಾಳಜಿ ಇದ್ದು, ಅಂಥವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇರಬೇಕಾದವರಲ್ಲಿ ಕಾಯಿಲೆ ಮತ್ತೆ ಮತ್ತೆ ಮರುಕಳಿಸಿತು. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದವರಿಗೂ ಇದರ ಪೆಟ್ಟು ತಟ್ಟಿತು. ಒಂದೇ ಕೋಣೆಯ ಮನೆಯಲ್ಲಿ ಅಪ್ಪ-ಮಗ ಇಬ್ಬರೂ ಇಡೀ ದಿನ ಇದ್ದರೆ ಆ 35 ಗಂಟೆ ಮೂರೇ ದಿನಕ್ಕೆ ತುಂಬುತ್ತದೆ. ಹಾಗಾಗಿ ಯಜಮಾನರು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹೊರಗೆ ಹೋಗಲಿ: ದೇವಸ್ಥಾನ, ವಾಚನಾಲಯ, ಕಟ್ಟೆ, ಎಲ್ಲಿಗಾದರೂ. ಇದನ್ನು ಅವರಿಗೆ ಶಿಕ್ಷೆಯ ಹಾಗೆ ಹೇಳಬೇಡಿ, ಮಗನ ಚಿಕಿತ್ಸೆಯಲ್ಲಿ ಅವರ ಪಾಲು ಎಂದು ಹೇಳಿ.

ಮೊದಲ ಎರಡು ವಾರ ನಿದ್ದೆ, ಊಟ, ಸ್ನಾನ ಇಷ್ಟೇ ಗುರಿ. ಮೂರನೇ ವಾರದಿಂದ ಅವನದೇ ಆದ ಒಂದು ಕೆಲಸವಿರಲಿ. ಹಾಲು ತರುವುದೋ ಬಟ್ಟೆ ಮಡಿಸುವುದೋ ಸಾಕು. ಎರಡನೇ ತಿಂಗಳಲ್ಲಿ ಹೊರಗೆ ಸುತ್ತಾಟ. ಲೋಕಲ್‌ಗೆ ಕರೆದೊಯ್ಯುವುದಾದರೆ ಬೆಳಿಗ್ಗೆ ಎಂಟರ ಫಾಸ್ಟ್ ಬೇಡ, ಹನ್ನೊಂದರ ನಂತರದ ಸ್ಲೋ ಹಿಡಿದು ಎರಡು ಸ್ಟೇಷನ್ ಹೋಗಿ ಬನ್ನಿ. ನೌಕರಿಯ ಮಾತು ವೈದ್ಯರು ಹೂಂ ಎಂದ ಮೇಲೆ.

ಮಗ ಕುಳಿತಲ್ಲಿ ಕೂರಲಾರದೆ ಕಾಲು ಅಲ್ಲಾಡಿಸುತ್ತ ಮನೆಯಲ್ಲೇ ಶತಪಥ ಹಾಕುತ್ತಿದ್ದರೆ ಕಾಯಿಲೆ ಹೆಚ್ಚಾಯಿತು ಎಂದುಕೊಳ್ಳಬೇಡಿ. ಅಕಥೀಸಿಯಾ ಎಂಬ ಅಡ್ಡಪರಿಣಾಮ ಹೀಗೇ ಕಾಣುತ್ತದೆ. ಕಾಯಿಲೆಯೆಂದು ತಪ್ಪಾಗಿ ಹೇಳಿದರೆ ಡೋಸ್ ಏರುತ್ತದೆ, ತಳಮಳವೂ ಏರುತ್ತದೆ. "ಒಳಗೆ ಚಡಪಡಿಕೆಯಾಗುತ್ತದೆಯೇ, ನಡೆದರೆ ಹಗುರಾಗುತ್ತದೆಯೇ?" ಎಂದು ಅವನನ್ನೇ ಕೇಳಿ, ಅವನ ಮಾತಿನಲ್ಲೇ ವೈದ್ಯರಿಗೆ ತಿಳಿಸಿ. ಇದಕ್ಕೆ ಮದ್ದಿದೆ.

ಕೊನೆಯದಾಗಿ, ಈ ಸಲ ಕಾಯಿಲೆ ಹೇಗೆ ಶುರುವಾಯಿತು ಎಂದು ಮೂವರೂ ಕುಳಿತು ನೆನಪಿಸಿಕೊಂಡು ಬರೆದಿಡಿ. ಎರಡು-ಮೂರು ರಾತ್ರಿ ನಿದ್ದೆ ಬಿಟ್ಟದ್ದು, ಕಿಟಕಿ ಮುಚ್ಚತೊಡಗಿದ್ದು, ಒಬ್ಬನೇ ಗುನುಗಿದ್ದು: ಪ್ರತಿಯೊಬ್ಬರಿಗೂ ಈ ಸೂಚನೆಗಳು ಬೇರೆ, ಆದರೆ ಒಬ್ಬರಲ್ಲಿ ಮರುಕಳಿಸುವಾಗ ಹೆಚ್ಚಾಗಿ ಅವೇ ಬರುತ್ತವೆ. ಪೂರ್ತಿ ಕೆಡುವುದಕ್ಕೆ ಮುಂಚೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳ ಸಮಯ ಸಿಗುತ್ತದೆ. ಪಟ್ಟಿಯಲ್ಲಿನ ಎರಡು ಸೂಚನೆ ಒಟ್ಟಿಗೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಪ್ರಶ್ನೆ: ನಮ್ಮ ಹೋಟೆಲಿನಲ್ಲಿ ಒಂಬತ್ತು ವರ್ಷದಿಂದ ಇರುವ ಕುಂದಾಪುರದ ಹುಡುಗನಿಗೆ ಬೈಪೋಲಾರ್ ಕಾಯಿಲೆ. ಊರಿನಲ್ಲಿ ಚಿಕಿತ್ಸೆಯಾಗಿ ಈಗ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾನೆ. ಕೆಲಸಕ್ಕೆ ಬರುತ್ತೇನೆ ಧಣಿ ಎನ್ನುತ್ತಾನೆ. ಇಟ್ಟುಕೊಳ್ಳುವ ಮನಸ್ಸಿದೆ, ಹೆದರಿಕೆಯೂ ಇದೆ.
— ಹೋಟೆಲ್ ಮಾಲೀಕರು, ಅಂಧೇರಿ

ಉತ್ತರ: ಖಂಡಿತ ಇಟ್ಟುಕೊಳ್ಳಿ. ಬೈಪೋಲಾರ್ ಎಂದರೆ ಮನಸ್ಸು ಕೆಲವು ಕಾಲ ಮಿತಿಮೀರಿ ಏರುವ (ಇದೇ ಉನ್ಮಾದ), ಕೆಲವು ಕಾಲ ತೀರ ಕುಗ್ಗುವ ಕಾಯಿಲೆ. ನಿಯಮಿತವಾದ ಕೆಲಸ ಅವನಿಗೆ ಒಳ್ಳೆಯದು. ಅವನನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಭಟ್ಟಿಯ ಮುಂದೆ ಬೇಡ. ಲಿಥಿಯಂ ಒಂದು ಬಗೆಯ ಉಪ್ಪು, ಅದನ್ನು ಹೊರಹಾಕುವುದು ಮೂತ್ರಪಿಂಡ. ಬೆವರಿ ಬೆವರಿ ದೇಹದ ನೀರು, ಉಪ್ಪು ಇಳಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಆ ಮಟ್ಟ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿ ಈಕ್ವಿವಲೆಂಟ್ ಒಳಗಿರಬೇಕು, 1.5 ದಾಟಿದರೆ ವಿಷ. ಮದ್ದಿಗೂ ವಿಷಕ್ಕೂ ಇಷ್ಟು ಕಡಿಮೆ ಅಂತರವಿರುವ ಮಾತ್ರೆಗಳು ಹೆಚ್ಚಿಲ್ಲ. ಗಲ್ಲಾ, ಪಾರ್ಸೆಲ್ ಕೌಂಟರ್, ಸ್ಟೋರ್ ಇಂಥ ಕಡೆ ಹಾಕಿ. ಅಲ್ಲಿಯೂ ಮೇ, ಅಕ್ಟೋಬರ್ ಸೆಕೆಯಲ್ಲಿ ಗಂಟೆಗೊಮ್ಮೆ ನೀರು ಕುಡಿಯಬೇಕು. ಊಟದ ಉಪ್ಪನ್ನು ಒಮ್ಮೆಲೇ ಕಡಿಮೆ ಮಾಡಬಾರದು, ನೀರೂ ಮುಟ್ಟದ ಉಪವಾಸ ಮಾಡಬಾರದು.

ಮೈಕೈ ನೋವೆಂದರೆ ಹೋಟೆಲ್ ಹುಡುಗರು ಪಕ್ಕದ ಮೆಡಿಕಲ್‌ನಿಂದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ತಂದು ನುಂಗುವುದು ಸಾಮಾನ್ಯ. ಇವನಿಗೆ ಅವೆರಡೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು. ಬಿಪಿ ಮಾತ್ರೆಗಳಲ್ಲೂ ಕೆಲವು ಹೀಗೇ, ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ ಲಿಥಿಯಂ ಹೆಸರು ಮೊದಲು ಹೇಳಬೇಕು. ಕೈ ಸಣ್ಣಗೆ ನಡುಗುವುದು ಮಾಮೂಲು. ಲೋಟ ಹಿಡಿಯಲಾರದಷ್ಟು ಜೋರು ನಡುಕ, ವಾಂತಿ-ಭೇದಿ, ನಾಲಿಗೆ ತೊದಲುವುದು, ಓಲಾಡುತ್ತ ನಡೆಯುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ. ಕುಡಿದಿದ್ದಾನೆ ಎಂದು ಮಲಗಿಸಿಬಿಟ್ಟರೆ ಜೀವಕ್ಕೆ ಅಪಾಯ.

ರಕ್ತಪರೀಕ್ಷೆ ಮೂರರಿಂದ ಆರು ತಿಂಗಳಿಗೊಮ್ಮೆ, ಕೊನೆಯ ಮಾತ್ರೆ ತೆಗೆದುಕೊಂಡು 12 ಗಂಟೆಗೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಟ್ಟು, ಆಮೇಲೆ ಬೆಳಗಿನ ಮಾತ್ರೆ. ಮಾತ್ರೆ ನುಂಗಿಯೇ ಲ್ಯಾಬಿಗೆ ಹೋದರೆ ಅಂಕಿ ಸುಳ್ಳಾಗುತ್ತದೆ, ಅದನ್ನು ನಂಬಿ ಡೋಸ್ ಇಳಿಸಿದರೆ ಕಾಯಿಲೆ ಮರಳುತ್ತದೆ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ಆರು ತಿಂಗಳಿಗೊಮ್ಮೆ.

ರಾತ್ರಿ ಪಾಳಿ ಬೇಡವೇ ಬೇಡ. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ಗಣಪತಿ ಹಬ್ಬದ ವಾರ, ಇಡೀ ರಾತ್ರಿಯ ಆಟ, ಊರಿನ ಜಾತ್ರೆಗೆ ರಾತ್ರಿ ಬಸ್ಸು: ಇವೆಲ್ಲ ಒಂದರ ಹಿಂದೆ ಒಂದು ಬಂದರೆ ಕಷ್ಟ. ಯಕ್ಷಗಾನ ನೋಡಲೇಬೇಡ ಎನ್ನಬೇಕಿಲ್ಲ, ಹನ್ನೊಂದಕ್ಕೆ ಎದ್ದು ಬರಲಿ. ಮೂರು ಗಂಟೆ ಮಲಗಿಯೂ ದಣಿವಿಲ್ಲ ಎನ್ನುವುದು, ಅಡ್ವಾನ್ಸ್ ಕೇಳಿ ಎಲ್ಲರಿಗೂ ಹಂಚುವುದು, ಗಿರಾಕಿಗಳೊಡನೆ ಮಾತು ನಿಲ್ಲದಿರುವುದು ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂದು ಅವನಿಂದಲೇ ಮೊದಲೇ ಬರೆಸಿಕೊಳ್ಳಿ. ಉಳಿದ ಹುಡುಗರಿಗೆ ಕಾಯಿಲೆಯ ಹೆಸರು ಹೇಳುವುದೋ ಬಿಡುವುದೋ ಅವನಿಷ್ಟ.

ಪ್ರಶ್ನೆ: ನನ್ನ ತಮ್ಮನು ಮಾತ್ರೆ ಬೇಡ ಎನ್ನುತ್ತಾನೆ. ಅಮ್ಮ ಪುಡಿ ಮಾಡಿ ಸಾರಿನಲ್ಲಿ ಬೆರೆಸುತ್ತಿದ್ದಾರೆ. ಇದು ಸರಿಯೇ? ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಸೋದರಮಾವ ಹೆಣ್ಣು ನೋಡುತ್ತಿದ್ದಾರೆ.
— ಅಕ್ಕ, ಚಿಂಚ್‌ವಡ್, ಪುಣೆ

ಉತ್ತರ: ಅಮ್ಮನ ಸಂಕಟ ಅರ್ಥವಾಗುತ್ತದೆ. ಆದರೂ ನಿಲ್ಲಿಸಬೇಕು. "ಅನ್ನದಲ್ಲಿ ಏನೋ ಹಾಕುತ್ತಿದ್ದಾರೆ" ಎಂಬ ಸಂಶಯ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಇರುತ್ತದೆ. ಒಂದು ದಿನ ಸಿಕ್ಕಿಬಿದ್ದರೆ ಆ ಸಂಶಯ ನಿಜವೇ ಆಯಿತು, ಮುಂದೆ ಅವನು ಅಮ್ಮನ ಕೈಯಿಂದ ಊಟವನ್ನೂ ಮಾಡಲಿಕ್ಕಿಲ್ಲ. ಸಾರು ಅರ್ಧ ಬಿಟ್ಟರೆ ಎಷ್ಟು ಡೋಸ್ ಹೋಯಿತು ಎಂದು ತಿಳಿಯದು. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ಔಷಧ ಒಮ್ಮೆಲೇ ಮೈಗೇರುತ್ತದೆ.

ಬೇಡ ಎನ್ನುವುದಕ್ಕೆ ಕಾರಣ ಕೇಳಿದ್ದೀರಾ? ಮೈ ದಪ್ಪವಾಗುವುದು, ಹಗಲು ತೂಕಡಿಕೆ, ಕೈ ಬಿಗಿತ ಇವನ್ನು ಹೇಳಿಯಾರು. ಲೈಂಗಿಕ ತೊಂದರೆಯನ್ನು ಗಂಡಸರು ಅಕ್ಕ-ಅಮ್ಮನ ಮುಂದೆ ಹೇಳುವುದಿಲ್ಲ, ಮಾತ್ರೆ ಬಿಟ್ಟುಬಿಡುತ್ತಾರೆ. ವೈದ್ಯರ ಬಳಿ ಅವನೊಬ್ಬನೇ ಹತ್ತು ನಿಮಿಷ ಕೂರಲು ಅವಕಾಶ ಮಾಡಿ. ಹೆಚ್ಚಿನ ಸಂದರ್ಭಗಳಲ್ಲಿ ಡೋಸ್ ಇಳಿಸಬಹುದು ಅಥವಾ ಬೇರೆ ಔಷಧಕ್ಕೆ ಹೋಗಬಹುದು. ದಿನದ ಮಾತ್ರೆಯೇ ಕಿರಿಕಿರಿ ಎನ್ನುವವರಿಗೆ ಡಿಪೋ ಇಂಜೆಕ್ಷನ್ ಇದೆ: ಫ್ಲೂಫೆನಜಿನ್ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹ್ಯಾಲೊಪೆರಿಡಾಲ್ ಅಥವಾ ಪಾಲಿಪೆರಿಡೋನ್ ತಿಂಗಳಿಗೊಮ್ಮೆ. ಮೊದಲನೆಯ ಎರಡು ಅಗ್ಗ. ಅದನ್ನೂ ಅವನು ಒಪ್ಪಿಯೇ ಹಾಕಿಸಿಕೊಳ್ಳಬೇಕು.

ಮಾತ್ರೆ ಬಿಟ್ಟು ಒಂದು ತಿಂಗಳಾದರೂ ಚೆನ್ನಾಗಿದ್ದಾನಲ್ಲ ಎಂದು ಮನೆಯವರೂ ಮೋಸ ಹೋಗುತ್ತಾರೆ. ಕಾಯಿಲೆ ಮರುದಿನವೇ ಮರಳುವುದು ಅಪರೂಪ, ವಾರಗಳು, ತಿಂಗಳುಗಳು ಬಿಟ್ಟು ಬರುತ್ತದೆ. ಆಗ ಮಾತ್ರೆ ಬಿಟ್ಟದ್ದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಮದುವೆ ಚಿಕಿತ್ಸೆ ಅಲ್ಲ. ಗುಣಮುಖನಾಗಿ, ಸ್ವಂತ ದುಡಿಮೆಯಿದ್ದು, ಅವನಿಗೇ ಇಷ್ಟವಿದ್ದು, ಹುಡುಗಿಗೆ ಕಾಯಿಲೆ ಮತ್ತು ಔಷಧ ಎರಡನ್ನೂ ತಿಳಿಸಿ ಆಗುವ ಮದುವೆಗೆ ಅಡ್ಡಿಯಿಲ್ಲ. ಮುಚ್ಚಿಟ್ಟು ಮಾಡಿದರೆ ಮೊದಲ ವಾರದಿಂದಲೇ ಹೆಂಡತಿಗೆ ಕಾಣದಂತೆ ಮಾತ್ರೆ ನುಂಗಬೇಕು, ಆಮೇಲೆ ನುಂಗುವುದೇ ನಿಲ್ಲುತ್ತದೆ. ಹಿಂದೂ ವಿವಾಹ ಕಾಯ್ದೆಯಡಿ ಅಂಥ ಮದುವೆ ರದ್ದಾಗುವ ಸಾಧ್ಯತೆಯೂ ಇದೆ. ಹುಡುಗಿಯ ಬದುಕಿನ ಪ್ರಶ್ನೆ ಇದೆಲ್ಲಕ್ಕಿಂತ ದೊಡ್ಡದು. ಸೋದರಮಾವನವರಿಗೆ ಇಷ್ಟನ್ನು ನೀವೇ ಓದಿ ಹೇಳಿ.

ಪುಣೆಯಲ್ಲಿ ನಿಮಗೊಂದು ಅನುಕೂಲವಿದೆ. ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಅಲ್ಲಿ ಮನೆಯವರಿಗಾಗಿಯೇ ಸ್ವಸಹಾಯ ಗುಂಪು ನಡೆಸುತ್ತದೆ. ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ. ಮಾತು ಮರಾಠಿ, ಹಿಂದಿಯಲ್ಲಿ. ಮೊದಲ ಸಲ ನೀವು ಪಕ್ಕದಲ್ಲಿ ಕೂತು ಹೇಳಬೇಕಾದೀತು.

ಪ್ರಶ್ನೆ: ನಾನು ರೈಲ್ವೆಯಿಂದ ನಿವೃತ್ತ, 74 ವರ್ಷ. ಮಗಳಿಗೆ 41, ಇಪ್ಪತ್ತು ವರ್ಷದಿಂದ ಚಿಕಿತ್ಸೆಯಲ್ಲಿದ್ದಾಳೆ, ಮದುವೆಯಾಗಿಲ್ಲ. ನಮ್ಮ ನಂತರ ಅವಳಿಗೆ ಯಾರು? ನ್ಯಾಷನಲ್ ಟ್ರಸ್ಟ್‌ನಲ್ಲಿ ಗಾರ್ಡಿಯನ್ ಮಾಡಿಸಿ ಎಂದು ಯಾರೋ ಹೇಳಿದರು.
— ಮುಲುಂಡ್

ಉತ್ತರ: ನ್ಯಾಷನಲ್ ಟ್ರಸ್ಟ್ ನಿಮಗೆ ಅನ್ವಯಿಸುವುದಿಲ್ಲ, ಅಲ್ಲಿ ಓಡಾಡಿ ದಣಿಯಬೇಡಿ. 1999ರ ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಮಾನಸಿಕ ಕಾಯಿಲೆ ಬರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ. ಮೊದಲ ಹೆಜ್ಜೆ ಅದರ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್, ಎಂದರೆ ಅಂಗವಿಕಲರ ಗುರುತಿನ ಚೀಟಿ. ಆನ್‌ಲೈನ್ ಅರ್ಜಿ ಹಾಕಿದ ಮೇಲೆ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಕರೆಯುತ್ತಾರೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಸವಲತ್ತುಗಳು ಸಿಗುತ್ತವೆ.

ಅದನ್ನು ಲೆಕ್ಕ ಹಾಕುವ ಅಳತೆಗೋಲಿನ ಹೆಸರು ಐಡಿಯಾಸ್. ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕಕ್ಕೂ 0ರಿಂದ 4ರವರೆಗೆ ಅಂಕ, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಅಂಕ. ಇಲ್ಲೇ ತಂದೆ-ತಾಯಿ ತಪ್ಪುತ್ತಾರೆ. ಮಗಳ ಮಾನ ಕಾಯಲೆಂದು "ಎಲ್ಲಾ ಅವಳೇ ಮಾಡಿಕೊಳ್ತಾಳೆ" ಎಂದುಬಿಡುತ್ತಾರೆ. ನೀವು ನೆನಪಿಸದಿದ್ದರೆ ಸ್ನಾನ ಆಗುತ್ತದೆಯೇ, ಒಬ್ಬಳೇ ಬ್ಯಾಂಕಿಗೆ ಹೋಗುತ್ತಾಳೆಯೇ, ಅಡುಗೆ ಅರ್ಧಕ್ಕೆ ಬಿಡುತ್ತಾಳೆಯೇ: ಇದ್ದುದನ್ನು ಇದ್ದ ಹಾಗೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆಯ ಕೇಸ್ ಪೇಪರುಗಳನ್ನು ವರ್ಷವಾರು ಜೋಡಿಸಿ. ಕಳೆದಿದ್ದರೆ ಆಸ್ಪತ್ರೆಯಿಂದ ದಾಖಲೆ ಕೇಳಿ ಪಡೆಯುವ ಹಕ್ಕು 2017ರ ಕಾಯ್ದೆಯಲ್ಲಿದೆ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪಿಂಚಣಿ. ರೈಲ್ವೆ ಸೇರಿ ಕೇಂದ್ರ ಸರಕಾರದ ನೌಕರರ ಮಕ್ಕಳಿಗೆ, ಮಾನಸಿಕ ಅಸ್ವಸ್ಥತೆಯಿಂದ ಸ್ವಂತ ಜೀವನೋಪಾಯ ಮಾಡಿಕೊಳ್ಳಲಾಗದಿದ್ದರೆ, 25 ದಾಟಿದರೂ ಜೀವನಪರ್ಯಂತ ಕುಟುಂಬ ಪಿಂಚಣಿ ಸಿಗುತ್ತದೆ. ನಿಮ್ಮ ನಂತರ ನಿಮ್ಮ ಪತ್ನಿಗೆ, ಅವರ ನಂತರ ಮಗಳಿಗೆ. ನೀವಿರುವಾಗಲೇ ಇಲಾಖೆಗೆ ಅವಳ ಹೆಸರು, ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಅವಳ ಪರವಾಗಿ ಹಣ ಪಡೆಯುವವರನ್ನು ಲಿಖಿತವಾಗಿ ಸೂಚಿಸಿ, ಪಿಪಿಓದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ನಮೂದು ಮಾಡಿಸಿಕೊಳ್ಳಿ. ಇಬ್ಬರೂ ಹೋದ ಮೇಲೆ ಇದನ್ನು ಸಾಬೀತು ಮಾಡುತ್ತ ಅವಳು ಕಚೇರಿಗಳನ್ನು ಸುತ್ತಲಾರಳು.

ಮನೆಯ ವಿಷಯದಲ್ಲಿ ಬಾಯಿಮಾತು ನಂಬಬೇಡಿ. "ತಂಗಿಯನ್ನು ನಾನು ನೋಡಿಕೊಳ್ಳುತ್ತೇನೆ" ಎನ್ನುವ ಮಗನ ಹೆಸರಿಗೆ ಫ್ಲಾಟನ್ನು ಈಗಲೇ ದಾನಪತ್ರ ಮಾಡಿಕೊಟ್ಟರೆ ಮುಂದೆ ನಿಮ್ಮ ಕೈಯಲ್ಲೇನೂ ಉಳಿಯದು. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ನಾಮಿನಿ ಆದವರು ವಾರಸುದಾರರಿಗಾಗಿ ಹಣ, ಆಸ್ತಿ ಹಿಡಿದುಕೊಂಡವರೇ ಹೊರತು ಮಾಲೀಕರಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಉಯಿಲು ಬರೆದು, ಮಗಳಿಗೆ ಆ ಮನೆಯಲ್ಲಿ ಬದುಕಿರುವಷ್ಟು ಕಾಲ ವಾಸದ ಹಕ್ಕು ಇಡಿ. ಹಣ ಹೆಚ್ಚಿದ್ದರೆ ಅವಳಿಗಾಗಿ ಖಾಸಗಿ ಟ್ರಸ್ಟ್ ಮಾಡಿ, ಕನಿಷ್ಠ ಇಬ್ಬರು ಟ್ರಸ್ಟಿಗಳನ್ನು ಹಾಕಿ. ಅವರಲ್ಲೊಬ್ಬರು ನಿಮಗಿಂತ 25-30 ವರ್ಷ ಚಿಕ್ಕವರಿರಲಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅಂಗವಿಕಲ ಅವಲಂಬಿತರಿಗಾಗಿ ವರ್ಷಕ್ಕೆ 75,000 ರೂಪಾಯಿ, ಅಂಗವೈಕಲ್ಯ ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ.

ಚಿಕಿತ್ಸೆಯ ತೀರ್ಮಾನಗಳಲ್ಲಿ ತನಗೆ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿ ಯಾರು ಎಂದು ಮಗಳು ಬಿಳಿಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಆಯ್ಕೆ ಅವಳದು. ಇಂದಿನಿಂದಲೇ ವಾರಕ್ಕೆ ಒಂದು ದಿನ ಆ ವ್ಯಕ್ತಿ ಬಂದು ಹೋಗಲಿ, ಅವಳ ಮಾತ್ರೆ, ಅವಳ ಇಷ್ಟಾನಿಷ್ಟ ತಿಳಿಯಲಿ. ಎಲ್ಲವೂ ನಿಮ್ಮ ಪತ್ನಿಯ ತಲೆಯಲ್ಲಿ ಮಾತ್ರ ಇರುವುದೇ ಈಗಿನ ದೊಡ್ಡ ಅಪಾಯ.

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು, ಇಲ್ಲಿ ಕಟ್ಟಡದ ಕೆಲಸ. ಮಳೆಗಾಲಕ್ಕೆ ಊರಿಗೆ ಹೋಗುತ್ತೇವೆ. ಮನೆಯವಳಿಗೆ ಬಾಂಬೋಳಿಯಲ್ಲಿ ತೋರಿಸಿ ಆರಾಮಾಗಿತ್ತು. ಊರಲ್ಲಿ ಗುಳಿಗೆ ತೀರಿ, ದೇವರ ಹತ್ತಿರ ಕೇಳಿಸಿದೆವು. ಮತ್ತೆ ಹಂಗೇ ಆಯಿತು.
— ವಾಸ್ಕೋ, ಗೋವಾ

ಉತ್ತರ: ದೇವರ ಹತ್ತಿರ ಹೋಗಿ, ತಪ್ಪಿಲ್ಲ. ಗುಳಿಗೆ ಬಿಡಿ ಎನ್ನುವ ಮಾತೊಂದನ್ನು ಮಾತ್ರ ಕೇಳಬೇಡಿ.

ಊರಿಗೆ ಹೊರಡುವ ಎರಡು ವಾರ ಮುಂಚೆ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಗೆ ಹೋಗಿ "ಮೂರು ತಿಂಗಳು ಊರಲ್ಲಿರುತ್ತೇವೆ" ಎಂದು ಹೇಳಿ. ಎಷ್ಟು ದಿನದ ಗುಳಿಗೆ ಕೊಡಲಾದೀತೋ ಅಷ್ಟು ಪಡೆಯಿರಿ, ಔಷಧದ ಮೂಲ ಹೆಸರಿನಲ್ಲಿ ಚೀಟಿ ಬರೆಸಿಕೊಳ್ಳಿ. ಕಂಪನಿಯ ಹೆಸರು ಮಾತ್ರ ಇದ್ದರೆ ಊರಿನ ಅಂಗಡಿಯಲ್ಲಿ "ಇದು ಇಲ್ಲ" ಎಂದು ಕೈಯಾಡಿಸುತ್ತಾರೆ. ಚೀಟಿಯ ಫೋಟೋ ಇಬ್ಬರ ಮೊಬೈಲಿನಲ್ಲೂ ಇರಲಿ. ಊರಲ್ಲಿ ನೇರ ತಾಲೂಕು ಆಸ್ಪತ್ರೆಗೆ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ, ಅಲ್ಲಿ ಔಷಧ ಉಚಿತ. ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಿಮ್ಮ ಕಡೆಯ ಬಳ್ಳಾರಿ. ನಿಮ್ಹಾನ್ಸ್ 1985ರಲ್ಲಿ ಅಲ್ಲಿ ಶುರು ಮಾಡಿದ್ದನ್ನು ನೋಡಿಯೇ 1996ರಿಂದ ಬೇರೆ ಜಿಲ್ಲೆಗಳಿಗೂ ತಂದರು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಗುಳಿಗೆಯ ಹೆಸರು ಕ್ಲೋಜಪಿನ್ ಆಗಿದ್ದರೆ ಇನ್ನೊಂದು ಎಚ್ಚರ. ಎರಡು ದಿನಕ್ಕಿಂತ, ಎಂದರೆ 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನು ಒಮ್ಮೆಲೇ ನುಂಗಬಾರದು. ಬಿಪಿ ಕುಸಿದು ತಲೆತಿರುಗಿ ಬೀಳಬಹುದು. ವೈದ್ಯರು 12.5 ಮಿಲಿಗ್ರಾಂನಿಂದ ಮತ್ತೆ ನಿಧಾನವಾಗಿ ಏರಿಸುತ್ತಾರೆ. ಈ ಗುಳಿಗೆಗೆ ರಕ್ತದ ಬಿಳಿಕಣ ಎಣಿಸುವ ಪರೀಕ್ಷೆ ಮೊದಲ 18 ವಾರ ಪ್ರತಿ ವಾರವೂ ಬೇಕು. ಆ ಅವಧಿಯಲ್ಲಿ ಊರಿಗೆ ಹೋಗುವುದನ್ನು ಆದಷ್ಟು ಮುಂದೂಡಿ. ಗಂಟಲುನೋವು, ಜ್ವರ ಬಂದರೆ ಅದೇ ದಿನ ತೋರಿಸಿ.

ಪ್ರಶ್ನೆ: ನಮ್ಮ ಸಂಘದ ಸಭಾಗೃಹ ವಾರದ ದಿನಗಳಲ್ಲಿ ಖಾಲಿ ಇರುತ್ತದೆ. ಇಂಥ ಕುಟುಂಬಗಳಿಗೆ ಏನಾದರೂ ಮಾಡಬಹುದೇ? ನಮ್ಮಲ್ಲಿ ಡಾಕ್ಟರುಗಳಿಲ್ಲ.
— ಕನ್ನಡ ಸಂಘವೊಂದರ ಕಾರ್ಯದರ್ಶಿ, ಗೋರೆಗಾಂವ್

ಉತ್ತರ: ಈ ಪ್ರಶ್ನೆ ಓದಿ ತುಂಬ ಸಂತೋಷವಾಯಿತು. ಡಾಕ್ಟರು ಇಲ್ಲದೆಯೂ ಬಹಳ ಮಾಡಬಹುದು. ಗೋವಾ, ಸಾತಾರಾ ಮತ್ತು ತಮಿಳುನಾಡಿನಲ್ಲಿ ಸ್ಕಿಜೋಫ್ರೇನಿಯಾ ಇರುವವರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ನೆರವಾದಾಗ ಆಸ್ಪತ್ರೆಯ ಚಿಕಿತ್ಸೆಯಷ್ಟೇ ಸಿಕ್ಕವರಿಗಿಂತ ತುಸು ಹೆಚ್ಚು ಸುಧಾರಣೆ ಕಂಡಿತು. ಆ ಕಾರ್ಯಕರ್ತರು ವೈದ್ಯರಾಗಿರಲಿಲ್ಲ, ಅವರ ಹಿಂದೆ ಮನೋವೈದ್ಯರಿದ್ದರು.

ಮನೆಯವರ ಗುಂಪಿನಿಂದ ಶುರು ಮಾಡಿ. ತಿಂಗಳಿಗೊಂದು ದಿನ, ಒಂದೂವರೆ ಗಂಟೆ, ಪ್ರತಿ ತಿಂಗಳೂ ಅದೇ ವಾರ, ಅದೇ ಹೊತ್ತು. ಹತ್ತು-ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಕುರ್ಚಿಗಳನ್ನು ವೃತ್ತವಾಗಿ ಇಡಿ, ವೇದಿಕೆ, ಮೈಕ್, ಶಾಲು-ಹಾರ ಇಲ್ಲ. ಫಲಕದ ಮೇಲೆ "ಆರೈಕೆ ಮಾಡುವವರ ಕೂಟ" ಎಂದಿದ್ದರೆ ಬರುವವರಿಗೆ ಸಂಕೋಚ ಕಡಿಮೆ. ಕೆಇಎಂ, ನಾಯರ್, ಸಯನ್, ಕೂಪರ್ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಯಾವುದು ಹತ್ತಿರವೋ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಭೇಟಿಯಾಗಿ, ಎರಡು ತಿಂಗಳಿಗೊಮ್ಮೆ ಬರುತ್ತೀರಾ ಎಂದು ಕೇಳಿ. ಗುಂಪು ನಡೆಸಲು ಇಬ್ಬರು ಬೇಕು. ಒಬ್ಬರೇ ಇದ್ದರೆ ಯಾರಾದರೂ ಅತ್ತುಕೊಂಡು ಹೊರಗೆ ಹೋದಾಗ ಅವರ ಹಿಂದೆ ಹೋಗುವವರು ಯಾರು?

ನಿಯಮ ಮೂರು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಯಾರೂ ಇನ್ನೊಬ್ಬರ ಡೋಸ್ ಬದಲಿಸಲು ಹೇಳಬಾರದು. ಔಷಧ, ಯಂತ್ರ, ಪುಡಿ, ಪಾಲಿಸಿ ಮಾರಬಾರದು.

ಇಂಥ ಗುಂಪುಗಳು ಒಡೆಯುವುದು ಹೇಗೆ ಎಂದರೆ, ಕಾರ್ಯಕ್ರಮದ ಫೋಟೋ ತೆಗೆದು ಸಂಘದ ವಾಟ್ಸ್ಆ್ಯಪ್‌ಗೆ ಹಾಕುವುದು. ನಮ್ಮವರಲ್ಲಿ ಒಬ್ಬರಿಗೊಬ್ಬರು ಬಂಧುಗಳು. ಡೊಂಬಿವಲಿಯಲ್ಲಿ ಹಾಕಿದ ಫೋಟೋ ಸಂಜೆಯೊಳಗೆ ಉಡುಪಿಯಲ್ಲಿರುತ್ತದೆ, ಯಾರದೋ ಮಗಳ ಸಂಬಂಧ ತಪ್ಪುತ್ತದೆ, ಆ ಕುಟುಂಬ ಮತ್ತೆ ಬರುವುದಿಲ್ಲ. ವರದಿಗೆ ಖಾಲಿ ಕುರ್ಚಿಯ ಫೋಟೋವೂ ಬೇಡ. ಎರಡನೆಯದು, ಒಬ್ಬರೇ ಇಡೀ ಹೊತ್ತು ಮಾತಾಡುವುದು: ಒಬ್ಬರಿಗೆ ಐದಾರು ನಿಮಿಷ, ಆಮೇಲೆ ಮುಂದಿನವರು. ಮೂರನೆಯದು, ಮೊದಲ ತಿಂಗಳು ಮೂವರೇ ಬಂದರೆಂದು ಬೇಸರಪಟ್ಟು ನಿಲ್ಲಿಸುವುದು. ಆರು ತಿಂಗಳು ಬಾಗಿಲು ತೆರೆದಿಡಿ.

ಗುಂಪು ನಿಂತ ಮೇಲೆ, ಕಾಯಿಲೆಯಿಂದ ಚೇತರಿಸಿಕೊಂಡವರಿಗೇ ಸಂಘದಲ್ಲಿ ಕೆಲಸ ಕೊಡಿ. ವಾಚನಾಲಯದ ಪುಸ್ತಕ ಜೋಡಿಸುವುದು, ಪತ್ರಿಕೆಗೆ ವಿಳಾಸದ ಚೀಟಿ ಅಂಟಿಸುವುದು: ವಾರಕ್ಕೆ ಮೂರು ದಿನ, ಎರಡು ಗಂಟೆ, ಸಣ್ಣದಾದರೂ ಸಂಭಾವನೆ ಕೊಟ್ಟು. ಪುಕ್ಕಟೆ ಮಾಡಿಸಿಕೊಂಡು ಸೇವೆ ಎನ್ನಬೇಡಿ. ಮನೆಯಲ್ಲಿ ಇನ್ನೊಬ್ಬರಿಗೆ ಔಷಧ ತರಲು ರಜೆ ಸಿಗದಿದ್ದಾಗ ಹೋಗಿ ತರುವ ಇಬ್ಬರು ಸದಸ್ಯರ ಪಟ್ಟಿ ಇಟ್ಟರೆ ಅದೂ ದೊಡ್ಡ ಉಪಕಾರ.

ಪ್ರಶ್ನೆ: ಕಲ್ಯಾಣ ಸ್ಟೇಷನ್ ಹೊರಗೆ ಹರಕು ಬಟ್ಟೆಯ ಒಬ್ಬರು ಕನ್ನಡದಲ್ಲಿ ತಮ್ಮಷ್ಟಕ್ಕೆ ಮಾತಾಡುತ್ತ ಕೂತಿರುತ್ತಾರೆ. ಏನು ಮಾಡಲಿ?
— ಕಲ್ಯಾಣ

ಉತ್ತರ: ನೀವು ಕನ್ನಡ ಬಲ್ಲವರು ಎಂಬುದೇ ಅವರಿಗೆ ಸಿಕ್ಕಿರುವ ಮೊದಲ ನೆರವು. ಪಕ್ಕದಲ್ಲಿ, ತುಸು ದೂರದಲ್ಲಿ ಕುಳಿತು "ಅಣ್ಣಾ, ಊಟ ಆಯ್ತಾ?" ಎಂದು ಶುರು ಮಾಡಿ. ನೀರಿನ ಬಾಟಲಿ ಮುಚ್ಚಳ ತೆಗೆಯದೆ ಕೊಡಿ. ಹೆಸರು ಹೇಳದಿದ್ದರೂ ಊರ ಜಾತ್ರೆ, ದೇವರ ಹೆಸರು, ಹತ್ತಿರದ ಸಂತೆ ಯಾವ ವಾರ ಎಂದು ಕೇಳಿದರೆ ಎಷ್ಟೋ ಸಲ ಹೇಳುತ್ತಾರೆ. ಅವರು ಹೇಳಿದ ಉಚ್ಚಾರದಲ್ಲೇ ಬರೆದುಕೊಳ್ಳಿ.

ಆಮೇಲೆ ಪೊಲೀಸ್ ಠಾಣೆಗೆ ಹೋಗಿ 2017ರ ಕಾಯ್ದೆಯ 100ನೇ ಕಲಂ ಎಂದು ಹೇಳಿ. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಹುಡುಕುವುದೂ ಅವರದೇ ಹೊಣೆ. ನಿಮ್ಮ ಹತ್ತಿರವಿರುವ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಇದೇ ಕೆಲಸ ಮಾಡುತ್ತದೆ: ರಸ್ತೆಯಲ್ಲಿ ಸಿಕ್ಕವರಿಗೆ ಚಿಕಿತ್ಸೆ ಕೊಟ್ಟು ದೇಶದ ಯಾವ ಮೂಲೆಯಾದರೂ ಊರಿಗೆ ತಲುಪಿಸುತ್ತದೆ. ಅದನ್ನು ಕಟ್ಟಿದ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಗೆ ಒಯ್ಯುವುದಾದರೂ ಪೊಲೀಸರ ಮೂಲಕವೇ ಹೋಗಿ, ನೀವೇ ಗಾಡಿಗೆ ಹತ್ತಿಸಬೇಡಿ. ಪೊಲೀಸರು ಬರೆದುಕೊಳ್ಳುವ ಕಾಗದದಲ್ಲಿ "ಕನ್ನಡ ಮಾತಾಡುತ್ತಾರೆ" ಎಂಬುದೂ, ನೀವು ಬರೆದುಕೊಂಡ ಊರು, ದೇವರು, ಸಂತೆಯ ಹೆಸರುಗಳೂ ಸೇರಿವೆಯೇ ಎಂದು ಓದಿಸಿ ನೋಡಿಕೊಂಡು, ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ.